ಪೀಣ್ಯದ ಶೆಡ್ಡಿನಲ್ಲಿ ಒಂದು ಸೋರಿಕೆಯ ಬೆನ್ನು ಹತ್ತಿ

ಊರಿಗೆ ಹೋದಾಗ ಯಾರಾದರೂ "ಬೆಂಗಳೂರಲ್ಲಿ ಏನ್ ಕೆಲಸ ಮಾಡ್ತೀಯಪ್ಪಾ" ಅಂತ ಕೇಳಿದರೆ ನಾನು "ಪಂಕ್ಚರ್ ಹುಡುಕ್ತೀನಿ" ಅನ್ನುತ್ತೇನೆ. ಅರ್ಧ ತಮಾಷೆ, ಅರ್ಧ ನಿಜ. ಸೈಕಲ್ ಶಾಪಿನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಾನಲ್ಲ, ನನ್ನದೂ ಅದೇ ಕೆಲಸ. ನೀರಿನ ಜಾಗದಲ್ಲಿ ವ್ಯಾಕ್ಯೂಮ್, ಗುಳ್ಳೆಯ ಜಾಗದಲ್ಲಿ ಹೀಲಿಯಂ, ಅಷ್ಟೇ ವ್ಯತ್ಯಾಸ. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ನಮಗೆ ಸಾಮಾನ್ಯವಾಗಿ ಬರುವುದು ಔಷಧಿ ಕಾರ್ಖಾನೆಯ ಡ್ರೈಯರ್, ಗಾಜಿಗೆ ಲೇಪ ಹಾಕುವ ಚೇಂಬರ್, ಇಂಥವು. ಒಂದು ವರ್ಷ ಗೌರಿ ಹಬ್ಬ ಮುಗಿದ ಮೇಲೆ ಮಾಲೀಕರು ಒಂದು ಡ್ರಾಯಿಂಗ್ ತಂದು ಟೇಬಲ್ ಮೇಲೆ ಹರಡಿದರು. ಹತ್ತು ತಾಮ್ರದ ಟ್ಯೂಬು, ಒಂದೊಂದೂ ಎರಡು ಮೀಟರ್ ಉದ್ದ, ಪಕ್ಕ ಪಕ್ಕ ನಿಲ್ಲಿಸಿ ಒಂದು ಹಲಗೆಯ ಹಾಗೆ ಮಾಡಬೇಕು. ಪ್ರತಿ ಟ್ಯೂಬಿನ ಎರಡು ತುದಿಗೂ ಸ್ಟೀಲ್ ಪೈಪ್ ಜೋಡಣೆ. ಒಳಗೆ ನೀರು ಹರಿಯುತ್ತದೆ, ಹೊರಗೆ ವ್ಯಾಕ್ಯೂಮ್. "ಗುಜರಾತಿಗೆ ಹೋಗೋದು. ನ್ಯೂಟ್ರಲ್ ಬೀಮ್ ಅಂತೆ. ಫ್ಯೂಷನ್ ಅಂತೆ" ಅಂದರು. ಅವರ 'ಅಂತೆ'ಯಲ್ಲೇ ಗೊತ್ತಾಗುತ್ತಿತ್ತು, ಅವರಿಗೂ ನನ್ನಷ್ಟೇ ಗೊತ್ತಿದೆ ಅಂತ.

ಆ ರಾತ್ರಿಯೇ ಓದಲು ಕೂತೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ಸೂರ್ಯನ ಒಳಗೆ ಆಗುವ ಸಮ್ಮಿಳನವನ್ನು, ಅಂದರೆ ಈ ಫ್ಯೂಷನ್ನನ್ನು, ನೆಲದ ಮೇಲೆ ಮಾಡಬೇಕು ಅಂದರೆ ಹೈಡ್ರೋಜನ್ ಜಾತಿಯ ಅನಿಲವನ್ನು ಸಿಕ್ಕಾಪಟ್ಟೆ ಬಿಸಿ ಮಾಡಬೇಕು. ಫ್ರಾನ್ಸಿನಲ್ಲಿ ಭಾರತವೂ ಸೇರಿ ಹಲವು ದೇಶಗಳು ಕಟ್ಟುತ್ತಿರುವ ಇಟರ್ ಯಂತ್ರದ ಗುರಿ 15 ಕೋಟಿ ಡಿಗ್ರಿ. ಅಷ್ಟು ಬಿಸಿ ಇರುವುದನ್ನು ಯಾವ ಪಾತ್ರೆಯೂ ತಡೆಯುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ಟಿನ ಬೇಲಿ ಹಾಕಿ ನಡುವೆ ತೇಲಿಸಿ ಇಡುತ್ತಾರೆ. ಈ ಬೇಲಿ ಒಳಗಿನ ಚಾರ್ಜ್ ಇರುವ ಕಣಗಳನ್ನು ಹೊರಗೆ ಬಿಡುವುದಿಲ್ಲ. ಹೊರಗಿನವನ್ನು ಒಳಗೂ ಬಿಡುವುದಿಲ್ಲ. ಹಾಗಾದರೆ ಹೊರಗಿನಿಂದ ಬಿಸಿ ಕೊಡುವುದು ಹೇಗೆ? ಚಾರ್ಜ್ ಇಲ್ಲದ ಕಣಗಳನ್ನು ಜೋರಾಗಿ ಒಳಗೆ ಎಸೆಯಬೇಕು. ಅವಕ್ಕೆ ಬೇಲಿ ಲೆಕ್ಕಕ್ಕೇ ಇಲ್ಲ. ಆದರೆ ಚಾರ್ಜ್ ಇಲ್ಲದ್ದಕ್ಕೆ ವೇಗ ಕೊಡುವುದಾದರೂ ಹೇಗೆ? ವೋಲ್ಟೇಜಿಗೆ ಹಿಡಿಯಲು ಏನಾದರೂ ಬೇಕಲ್ಲ?

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಅಜ್ಜನ ಕವಣೆ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸಲು ಬೀಸುತ್ತಿದ್ದರು. ಕಲ್ಲಿಗೆ ವೇಗ ಬರಬೇಕಾದರೆ ಹಗ್ಗ ಬೇಕು. ವೇಗ ಬಂದ ಮೇಲೆ ಹಗ್ಗ ಬಿಡಬೇಕು. ಬಿಡದಿದ್ದರೆ ಕಲ್ಲು ಸುತ್ತಿಕೊಂಡು ನಮ್ಮ ತಲೆಗೇ ಬರುತ್ತದೆ. ನ್ಯೂಟ್ರಲ್ ಬೀಮಿನಲ್ಲೂ ಹಾಗೇ. ಮೊದಲು ಹೈಡ್ರೋಜನ್ನಿಗೆ ಚಾರ್ಜ್ ಕೊಡು, ವೋಲ್ಟೇಜಿನಲ್ಲಿ ಬೀಸು, ಆಮೇಲೆ ಚಾರ್ಜ್ ಕಿತ್ತು ಬಿಡು. ಚಾರ್ಜ್ ಕೀಳಲು ದಾರಿಯಲ್ಲಿ ಒಂದಿಷ್ಟು ಅನಿಲ ತುಂಬಿಟ್ಟಿರುತ್ತಾರೆ. ಅದರ ನಡುವೆ ತೂರಿ ಹೋಗುವಾಗ ಉಜ್ಜಾಟದಲ್ಲಿ ಎಲೆಕ್ಟ್ರಾನ್ ಉದುರುತ್ತದೆ.

ವೇಗ ತೀರಾ ಜಾಸ್ತಿಯಾದರೆ ಪಾಸಿಟಿವ್ ಅಯಾನಿಗೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಕಣಕ್ಕೆ, ಮತ್ತೆ ಎಲೆಕ್ಟ್ರಾನ್ ಅಂಟಿಸುವುದು ಕಷ್ಟ. ಅದಕ್ಕೇ ದೊಡ್ಡ ಯಂತ್ರಗಳಲ್ಲಿ ನೆಗೆಟಿವ್ ಅಯಾನು ಬಳಸುತ್ತಾರೆ. ಅದರ ಮೇಲೆ ಒಂದು ಎಲೆಕ್ಟ್ರಾನ್ ಅರೆಬರೆ ಅಂಟಿಕೊಂಡಿರುತ್ತದೆ, ಮುಟ್ಟಿದರೆ ಬೀಳುತ್ತದೆ. ಹಾಗಿದ್ದೂ ನೂರಕ್ಕೆ ಸುಮಾರು 60 ಮಾತ್ರ ನ್ಯೂಟ್ರಲ್ ಆಗುತ್ತವೆ. ಮಿಕ್ಕವು ಚಾರ್ಜ್ ಹೊತ್ತುಕೊಂಡೇ ಬರುತ್ತವೆ. ಅವನ್ನು ಪಕ್ಕಕ್ಕೆ ತಿರುಗಿಸಿ ತಾಮ್ರದ ಹಲಗೆಗಳ ಮೇಲೆ ಬೀಳಿಸಬೇಕು.

ಇಟರಿಗೆ ಬಿಸಿ ಕೊಡಲು ಇಂಥ ಎರಡು ಬೀಮು, ಒಂದೊಂದೂ 16.5 ಮೆಗಾವ್ಯಾಟ್, 10 ಲಕ್ಷ ವೋಲ್ಟು. ಭಾರತ ಕೊಡಬೇಕಾದದ್ದು ಇನ್ನೊಂದು ಬೀಮು. ಅದು ಬಿಸಿ ಮಾಡಲು ಅಲ್ಲ, ಒಳಗೆ ಇಣುಕಿ ನೋಡಲು. 1 ಲಕ್ಷ ವೋಲ್ಟು, 60 ಆಂಪಿಯರು. ಸಮ್ಮಿಳನ ಆದ ಮೇಲೆ ಉಳಿಯುವ ಬೂದಿ ಎಷ್ಟಿದೆ ಅಂತ ಅಳೆಯುವುದು ಅದರ ಕೆಲಸ. ಆ ಬೂದಿ ಏನು ಗೊತ್ತಾ? ಹೀಲಿಯಂ! ಅದನ್ನು ಓದಿ ಒಬ್ಬನೇ ನಕ್ಕೆ. ನಾನಿಲ್ಲಿ ದಿನವಿಡೀ ಹುಡುಕುವುದೂ ಅದನ್ನೇ.

ಇನ್ನು ಟೆಸ್ಟಿನ ವಿಷಯ. ಇಂಥ ಬೀಮನ್ನು ನೇರವಾಗಿ ರಿಯಾಕ್ಟರಿಗೆ ಹಚ್ಚುವ ಧೈರ್ಯ ಯಾರಿಗೂ ಇಲ್ಲ. ಮೊದಲು ಬೇರೆ ಕಡೆ ಹಚ್ಚಿ ನೋಡುತ್ತಾರೆ. ಇಟಲಿಯ ಪಾದೋವಾ ಊರಿನಲ್ಲಿ ಸ್ಪೈಡರ್ ಅನ್ನುವ ಯಂತ್ರ 2018ರಲ್ಲಿ ಶುರುವಾಯಿತು. ಅದರ 100 ಕಿಲೋವೋಲ್ಟ್ ಪವರ್ ಸಪ್ಲೈ, ಬೀಮು ಬಂದು ಬೀಳುವ ತಡೆಗೋಡೆ ಎರಡೂ ಭಾರತದ ಪಾಲಿನವು. ಪಕ್ಕದಲ್ಲೇ ಪೂರ್ತಿ 10 ಲಕ್ಷ ವೋಲ್ಟಿನ ಮಿಟಿಕಾ. ನಮ್ಮ ದೇಶದ ಬೀಮಿಗೆ ಗುಜರಾತಿನ ಗಾಂಧಿನಗರದಲ್ಲಿ ಟೆಸ್ಟ್ ಜಾಗ. ಟೆಸ್ಟಿನಲ್ಲಿ ಮುಂದೆ ರಿಯಾಕ್ಟರ್ ಇರುವುದಿಲ್ಲ. ಹಾಗಾಗಿ ಬೀಮಿನ ಎದುರಿಗೆ ನೀರು ಹರಿಯುವ ತಾಮ್ರದ ಗೋಡೆ ನಿಲ್ಲಿಸುತ್ತಾರೆ. ಬೀಮು ಅದಕ್ಕೆ ಬಡಿಯುತ್ತದೆ, ತಾಮ್ರ ಕಾಯುತ್ತದೆ, ನೀರು ಆ ಬಿಸಿಯನ್ನು ಹೊತ್ತು ಹೋಗುತ್ತದೆ. ಒಳಹೋದ ನೀರು ಎಷ್ಟು ಬಿಸಿ, ಹೊರಬಂದದ್ದು ಎಷ್ಟು ಅಂತ ನೋಡಿದರೆ ಬೀಮಿನ ಶಕ್ತಿ ಸಿಕ್ಕಿತು. ಸೆಕೆಂಡಿಗೆ ಒಂದು ಲೀಟರ್ ನೀರು 10 ಡಿಗ್ರಿ ಬಿಸಿಯಾದರೆ 42 ಕಿಲೋವ್ಯಾಟ್. ಗೀಸರಿನ ಲೆಕ್ಕವೇ.

ನಮ್ಮ ಜಾಬು ಅಂಥದ್ದೇ ಒಂದು ಗೋಡೆಯ ತುಂಡು. ಅದು ತಡೆಯಬೇಕಾದ ಬಿಸಿ ಚದರ ಮೀಟರಿಗೆ ಕೆಲವು ಮೆಗಾವ್ಯಾಟ್. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಹೆಚ್ಚೆಂದರೆ ಒಂದು ಕಿಲೋವ್ಯಾಟ್ ಆದೀತು. ಅಂದರೆ ಸಾವಿರಾರು ಪಟ್ಟು. ಅಷ್ಟು ಬಿಸಿಗೆ ಟ್ಯೂಬಿನ ಒಳಗೋಡೆಯ ಹತ್ತಿರ ನೀರು ಕುದಿದು ಆವಿಯ ಪದರ ಕಟ್ಟಿದರೆ ಮುಗಿಯಿತು, ತಾಮ್ರ ಕರಗುತ್ತದೆ. ಅದಕ್ಕೇ ಟ್ಯೂಬಿನ ಒಳಗೆ ಉದ್ದಕ್ಕೂ ತಿರುಚಿದ ಪಟ್ಟಿ ಇಟ್ಟಿರುತ್ತಾರೆ. ನೀರು ಸುಳಿ ಸುಳಿಯಾಗಿ ಹೋಗುತ್ತಾ ಗೋಡೆಗೆ ಅಂಟಿದ ಗುಳ್ಳೆಗಳನ್ನು ಕೆರೆದು ಹಾಕುತ್ತದೆ. ಚೆಂದದ ಉಪಾಯ ಅಲ್ವಾ? ನನ್ನ ಪಾಲಿಗೆ ಮಾತ್ರ ಅದು ತಲೆನೋವು. ಪಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೀರು ಕೂತರೆ ಸುಲಭಕ್ಕೆ ಬರುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆರ್ಡರಿನ ಷರತ್ತಿನಲ್ಲಿ ಸೋರಿಕೆಯ ಮಿತಿ ಬರೆದಿತ್ತು. ಸೆಕೆಂಡಿಗೆ ಹತ್ತರ ಮೈನಸ್ ಒಂಬತ್ತನೇ ಘಾತದಷ್ಟು ಮಿಲಿಬಾರ್-ಲೀಟರ್. ನಮ್ಮ ಬಾಯಲ್ಲಿ ಬರೀ 'ಮೈನಸ್ ನೈನ್'. ಹೀಗೆ ಹೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಆ ವೇಗದಲ್ಲಿ ಸೋರಿದರೆ ಒಂದು ಸಿಸಿ, ಅಂದರೆ ಒಂದು ಹುಣಸೆ ಬೀಜದಷ್ಟು ಜಾಗದ ಗಾಳಿ ಹೊರಗೆ ಹೋಗಲು ಸುಮಾರು 32 ವರ್ಷ ಬೇಕು. ಅದಕ್ಕಿಂತ ಬೇಗ ಸೋರಿದರೆ ಜಾಬು ಫೇಲು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನಮ್ಮ ವೆಲ್ಡರ್ ಅಣ್ಣ ಕೇಳಿದ್ದರು. ಒಂದು ಕಾರಣ, ವ್ಯಾಕ್ಯೂಮಿನಲ್ಲಿ ಒಂದು ಹನಿ ನೀರು ಅಂದರೆ ಹನಿಯಲ್ಲ, ಅದು ಆವಿಯಾಗಿ ಇಡೀ ಚೇಂಬರ್ ತುಂಬುತ್ತದೆ. ಬೀಮಿಗೆ ವೇಗ ಕೊಡುವ ಲಕ್ಷ ವೋಲ್ಟಿನ ಗ್ರಿಡ್ಡುಗಳ ನಡುವೆ ಕಿಡಿ ಹಾರುತ್ತದೆ. ಇನ್ನೊಂದು ಕಾರಣ ಸೀಸಿಯಂ. ನೆಗೆಟಿವ್ ಅಯಾನು ಚೆನ್ನಾಗಿ ಹುಟ್ಟಲಿ ಅಂತ ಅಯಾನ್ ಸೋರ್ಸಿನ ಒಳಗೆ ಸೀಸಿಯಂ ಲೋಹದ ತೆಳು ಲೇಪ ಇರುತ್ತದೆ. ಈ ಸೀಸಿಯಂ 28.5 ಡಿಗ್ರಿಗೇ ಕರಗುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದ ಸೆಕೆಗೇ ಬೆಣ್ಣೆಯ ಹಾಗೆ ಇಳಿಯುತ್ತದೆ. ನೀರು ಕಂಡರಂತೂ ಅದಕ್ಕೆ ಆಗುವುದೇ ಇಲ್ಲ. ಸ್ವಲ್ಪ ತೇವ ತಗುಲಿದರೂ ಲೇಪ ಕೆಡುತ್ತದೆ, ಬೀಮು ಸೊರಗುತ್ತದೆ. "ಮಡಿ ಜಾಸ್ತಿ ಇದಕ್ಕೆ" ಅಂದರು ಅಣ್ಣ. ಸರಿಯಾದ ಮಾತು.

ಜಾಬು ತಯಾರಾಗುವ ಹೊತ್ತಿಗೆ ಆಯುಧ ಪೂಜೆ ಬಂತು. ಪೀಣ್ಯದಲ್ಲಿ ಆಯುಧ ಪೂಜೆ ಅಂದರೆ ದೀಪಾವಳಿಗಿಂತ ದೊಡ್ಡದು. ಲೇತಿಗೆ ಬಾಳೆಕಂಬ, ಡ್ರಿಲ್ಲಿಂಗ್ ಮಷೀನಿಗೆ ಚೆಂಡು ಹೂವಿನ ಹಾರ, ಗೇಟಿನಲ್ಲಿ ಬೂದುಗುಂಬಳ. ನಾನು ಬೆಳಗ್ಗೆಯೇ ಕೂಗಿ ಹೇಳಿದ್ದೆ, "ತಾಮ್ರದ ಜಾಬಿಗೂ ಚೇಂಬರಿನ ಫ್ಲೇಂಜಿಗೂ ಯಾರೂ ಕುಂಕುಮ ಹಚ್ಚಬೇಡ್ರಪ್ಪಾ." ಅಸಿಟೋನಿನಲ್ಲಿ ಒರೆಸಿ, ಆಲ್ಕೋಹಾಲಿನಲ್ಲಿ ತೊಳೆದು, ಗ್ಲೌಸ್ ಇಲ್ಲದೆ ಮುಟ್ಟದ ಹಾಗೆ ನೋಡಿಕೊಂಡಿದ್ದ ಜಾಬು ಅದು. ಬೆರಳಿನ ಜಿಡ್ಡು ಕೂಡ ವ್ಯಾಕ್ಯೂಮಿನಲ್ಲಿ ದಿನಗಟ್ಟಲೆ ಆವಿ ಬಿಡುತ್ತದೆ. ಹೆಲ್ಪರ್ ಹುಡುಗನಿಗೆ ಬೇಜಾರಾಯಿತು. "ಎಲ್ಲದಕ್ಕೂ ಹಚ್ಚಿ ಇದೊಂದಕ್ಕೆ ಬಿಟ್ರೆ ಹೆಂಗೆ ಸಾರ್?" ಅಂದ. ಕೊನೆಗೆ ಚೇಂಬರಿನ ಕಾಲಿಗೆ ಹಚ್ಚಿದ.

ಕುಂಕುಮದಿಂದ ಏನೂ ಆಗಲಿಲ್ಲ. ಆದದ್ದು ಬಲೂನಿನಿಂದ. ನಾನು ಊಟಕ್ಕೆ ಹೋದಾಗ ಹುಡುಗರು ನನ್ನ ಟೆಸ್ಟ್ ಸಿಲಿಂಡರಿನಿಂದಲೇ ನಲವತ್ತು ಬಲೂನಿಗೆ ಹೀಲಿಯಂ ತುಂಬಿ ಶೆಡ್ಡಿನ ಸೂರಿಗೆ ಬಿಟ್ಟಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಗಾಳಿಯಲ್ಲಿ ಹೀಲಿಯಂ ಇರುವುದು 10 ಲಕ್ಷ ಭಾಗಕ್ಕೆ ಸುಮಾರು 5 ಭಾಗ. ನನ್ನ ಡಿಟೆಕ್ಟರ್ ಅಷ್ಟನ್ನೂ ಗುರುತಿಸುತ್ತದೆ. ಎರಡು ದಿನ ಬಿಟ್ಟು ಮಷೀನ್ ಹಚ್ಚಿದರೆ ಬ್ಯಾಕ್‌ಗ್ರೌಂಡ್, ಅಂದರೆ ಟೆಸ್ಟ್ ಶುರುವಾಗುವ ಮೊದಲೇ ಮಷೀನ್ ತೋರಿಸುವ ಹೀಲಿಯಂ, ಇಳಿಯುತ್ತಲೇ ಇಲ್ಲ. ಬಲೂನುಗಳು ಮೆಲ್ಲಗೆ ಸೋರಿ ಸೊರಗಿ ತೊಲೆಗೆ ನೇತಾಡುತ್ತಿದ್ದವು. ಎಲ್ಲ ಬಾಗಿಲು ತೆಗೆದು, ಎರಡು ದೊಡ್ಡ ಫ್ಯಾನು ಹಾಕಿ ಅರ್ಧ ದಿನ ಕಾದೆವು. ಬೈಯಲು ಮನಸ್ಸು ಬರಲಿಲ್ಲ, ಹಬ್ಬ ನೋಡಿ. ಸಿಲಿಂಡರಿಗೆ ಬೀಗ ಮಾತ್ರ ಹಾಕಿದೆ.

ಇನ್ನು ಟೆಸ್ಟ್. ಡಿಟೆಕ್ಟರ್ ಅಂದರೆ ಅಣುಗಳ ತೂಕ ನೋಡಿ ವಿಂಗಡಿಸುವ ಪೆಟ್ಟಿಗೆ, ತೂಕ 4 ಇರುವುದನ್ನು ಮಾತ್ರ ಎಣಿಸುವ ಹಾಗೆ ಕೂರಿಸಿರುತ್ತದೆ. ಮೊದಲು ಟ್ಯೂಬುಗಳ ಒಳಗಿನ ಗಾಳಿ ತೆಗೆದು ಒಳಭಾಗವನ್ನು ಡಿಟೆಕ್ಟರಿಗೆ ಜೋಡಿಸಿದೆವು. ಹೊರಗೆ ಇಡೀ ಹಲಗೆಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಅದರೊಳಗೆ ಹೀಲಿಯಂ ಬಿಟ್ಟೆವು. ಎಲ್ಲಿ ತೂತಿದ್ದರೂ ಹೀಲಿಯಂ ಒಳಗೆ ನುಗ್ಗಿ ಡಿಟೆಕ್ಟರಿಗೆ ಬರಬೇಕು. ಮುಕ್ಕಾಲು ಗಂಟೆ ಕಾದೆವು. ಸಂಖ್ಯೆ ಅಲುಗಲಿಲ್ಲ. ಮೈನಸ್ ಹತ್ತರಲ್ಲೇ 4 ಅಂತ ತೋರಿಸಿ ನಿಂತಿತು. ಮಿತಿಗಿಂತ ಕಡಿಮೆ, ಪಾಸು. ಮಾಲೀಕರು ಬೈಟು ಕಾಫಿ ತರಿಸಿದರು.

ಮಾರನೇ ದಿನ ಇನ್ಸ್‌ಪೆಕ್ಷನ್ನಿಗೆ ಗುಜರಾತಿನಿಂದ ಒಬ್ಬ ಮೇಡಂ ಬಂದರು. ಹಿಂದಿಯಲ್ಲಿ ಏನು ಮಾತಾಡುವುದಪ್ಪಾ ಅಂತ ನಾನು ತಯಾರಾಗಿದ್ದರೆ, ಅವರು ಗೇಟಿನಲ್ಲೇ "ಮೆಟ್ರೋ ಇಳದು ನಡಕೋತನ ಬಂದೆ, ಭಾಳ ಧೂಳ್ರೀ ನಿಮ್ಮ ಪೀಣ್ಯಾ" ಅಂದರು. ಧಾರವಾಡದವರು. ರಿಪೋರ್ಟ್ ಓದಿದರು. ಪುಟ ತಿರುಗಿಸಿದರು. ಮತ್ತೆ ಮೊದಲ ಪುಟಕ್ಕೆ ಬಂದರು.

"ಹೈಡ್ರೋ ಟೆಸ್ಟ್ ಯಾವಾಗ ಮಾಡೀರಿ?"

"ಹಬ್ಬದ ಹಿಂದಿನ ದಿನ ಮೇಡಂ. ನೀರು ತುಂಬಿ 30 ಬಾರ್ ಒತ್ತಡ ಕೊಟ್ವಿ. ಒಂದು ಹನಿ ಬರಲಿಲ್ಲ."

"ಅಂದ್ರ ಹೀಲಿಯಂಗಿಂತ ಮೊದಲ. ಒಣಗಿಸಿದ್ದು ಹ್ಯಾಂಗ?"

"ಕಂಪ್ರೆಸರ್ ಗಾಳಿ ಹೊಡೆದ್ವಿ ಮೇಡಂ. ಎರಡು ಗಂಟೆ."

ಅವರು ರಿಪೋರ್ಟ್ ಮಡಚಿ ಟೇಬಲ್ ಮೇಲಿಟ್ಟರು. "ಹಂಗಾದ್ರ ಇದು ಪಾಸ್ ಅಲ್ರೀ. ನೀವು ಟೆಸ್ಟ್ ಮಾಡಿದ್ದು ಟ್ಯೂಬ್ ಅಲ್ಲ, ನೀರು."

ನನ್ನ ಮುಖ ಕೆಂಪಾಯಿತು. ಯಾಕೆಂದರೆ ಇದು ನನಗೆ ಗೊತ್ತಿದ್ದ ವಿಷಯ. ಮೈಕ್ರಾನ್ ಗಾತ್ರದ ತೂತು ಅಂದರೆ ತಲೆಗೂದಲಿನ ಐವತ್ತರಲ್ಲಿ ಒಂದು ಪಾಲು. ಅದರೊಳಗೆ ನೀರು ಹೊಕ್ಕರೆ ಬಿರಡೆಯ ಹಾಗೆ ಕೂರುತ್ತದೆ. ಅದನ್ನು ಆಚೆ ತಳ್ಳಲು ಸುಮಾರು 3 ಬಾರ್ ಒತ್ತಡ ಬೇಕು. ಚೀಲದೊಳಗಿನ ಹೀಲಿಯಂ ತಳ್ಳುವುದು 1 ಬಾರಿನಲ್ಲಿ. ಕಂಪ್ರೆಸರ್ ಗಾಳಿ ಟ್ಯೂಬಿನ ಉದ್ದಕ್ಕೆ ಓಡುತ್ತದೆಯೇ ಹೊರತು ಗೋಡೆಯಲ್ಲಿನ ತೂತಿನ ಒಳಗೆ ಇಣುಕುವುದಿಲ್ಲ. ಪಂಪ್ ಮಾಡುತ್ತಲೇ ಇದ್ದರೆ ನೀರು ಒಣಗುತ್ತದೆ ನಿಜ, ಆದರೆ ಆ ತಿರುಚಿದ ಪಟ್ಟಿಯ ಸಂದಿಯಲ್ಲಿ ತೇವ ಇರುವವರೆಗೂ ಅದು ತೂತನ್ನು ಒಣಗಲು ಬಿಡುವುದಿಲ್ಲ. ಡ್ರೈಯರ್, ಕೋಟಿಂಗ್ ಚೇಂಬರಿನ ಜಾಬುಗಳಿಗೆ ಮೈನಸ್ ಏಳು ಸಾಕು, ಅಲ್ಲಿ ಈ ಕ್ರಮ ನಡೆದುಹೋಗುತ್ತಿತ್ತು. ಅದೇ ರೂಢಿಯಲ್ಲಿ ಇಲ್ಲೂ ಹೈಡ್ರೋ ಮೊದಲು ಮಾಡಿಸಿದ್ದು ನಾನೇ. ಹಬ್ಬಕ್ಕೆ ಮುಂಚೆ ಒಂದು ಕೆಲಸ ಮುಗಿಯಲಿ ಅಂತ.

ಮಾಲೀಕರಿಗೆ ಸಿಟ್ಟು ಬಂತು. ಮೇಡಂ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ನನಗೇನೋ ಒಳಗೊಳಗೇ ನಿರಾಳ ಆಯಿತು. ಆ ಮೈನಸ್ ಹತ್ತರ 4 ತೀರಾ ಸಲೀಸಾಗಿ ಬಂದಿತ್ತು ಅಂತ ಎಲ್ಲೋ ಅನ್ನಿಸುತ್ತಿತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ಸೋರುತ್ತದೆ ಅಂತ ತೋರಿಸಲು ಒಂದು ತೂತು ಸಾಕು. ಸೋರುವುದಿಲ್ಲ ಅಂತ ತೋರಿಸಬೇಕಾದರೆ ಮಷೀನು, ಪೈಪು, ನಾನು, ಎಲ್ಲರೂ ನೆಟ್ಟಗಿದ್ದೆವು ಅಂತ ಮೊದಲು ತೋರಿಸಬೇಕು.

ಎರಡನೇ ಸಲ ಪದ್ಧತಿ ಬದಲಾಯಿಸಿದೆವು. ಕೆಲಸದ ಜಾಗದಲ್ಲಿ ಹೇಗಿರುತ್ತದೋ ಹಾಗೆಯೇ ಮಾಡೋಣ ಅಂದರು ಮೇಡಂ. ಅಂದರೆ ಹಲಗೆಯನ್ನು ದೊಡ್ಡ ವ್ಯಾಕ್ಯೂಮ್ ಚೇಂಬರಿನೊಳಗೆ ಇಡುವುದು, 150 ಡಿಗ್ರಿಗೆ ಕಾಯಿಸುವುದು, ಟ್ಯೂಬಿನ ಒಳಗೆ 20 ಬಾರ್ ಹೀಲಿಯಂ ತುಂಬುವುದು, ಡಿಟೆಕ್ಟರ್ ಚೇಂಬರಿಗೆ ಜೋಡಿಸುವುದು. ಅದೃಷ್ಟಕ್ಕೆ ಹತ್ತು ಟ್ಯೂಬನ್ನೂ ಸೇರಿಸುವ ಹೆಡರ್ ಪೈಪನ್ನು ಇನ್ನೂ ವೆಲ್ಡ್ ಮಾಡಿರಲಿಲ್ಲ. ಒಂದೊಂದು ಟ್ಯೂಬಿಗೂ ಬೇರೆ ಬೇರೆ ಹೀಲಿಯಂ ಕೊಡಬಹುದಿತ್ತು.

ಹೀಟಿಂಗ್ ಟೇಪ್ ಸುತ್ತಿ, ಥರ್ಮೋಕಪಲ್ ಅಂಟಿಸಿ, ಸಂಜೆ ಕಾಯಿಸಲು ಶುರು ಮಾಡಿದೆವು. ಟ್ಯೂಬುಗಳ ಒಳಗೂ ಬೇರೆ ಪಂಪ್ ಹಚ್ಚಿದೆವು. 80 ಡಿಗ್ರಿ ದಾಟುವಾಗ ಟ್ಯೂಬಿನ ಕಡೆಯ ಗೇಜು ಸರ್ರನೆ ಮೇಲೆ ಹೋಯಿತು. ನೀರಿನ ಆವಿ. ಮೇಡಂ ಏನೂ ಹೇಳಲಿಲ್ಲ, ಗೇಜಿನ ಕಡೆ ಬೆರಳು ತೋರಿಸಿದರು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಜನರೇಟರ್ ಎತ್ತಿಕೊಳ್ಳುವ ಹೊತ್ತಿಗೆ ಟರ್ಬೊ ಪಂಪ್ ಟ್ರಿಪ್ ಆಗಿತ್ತು. ಮತ್ತೆ ಮೊದಲಿನಿಂದ. ಆ ರಾತ್ರಿ ಕಾವಲಿಗೆ ನಾನು, ವೆಲ್ಡರ್ ಅಣ್ಣ ಇಬ್ಬರೇ. ಅವರು ಮಷೀನಿನ ಸದ್ದಿಗೆ ಗೊರಕೆ ಹೊಡೆದರು. ಬೆಳಗ್ಗೆ ಗೇಜು ಇಳಿದು ಒಂದು ಕಡೆ ನಿಂತಿತ್ತು. ಒಣಗಿದೆ ಅಂತ ಅರ್ಥ.

ಮೊದಲು ಅಳತೆ ಗೊತ್ತಿರುವ ಸಣ್ಣ ಸೋರಿಕೆಯನ್ನು, ಅಂದರೆ ಕ್ಯಾಲಿಬ್ರೇಟೆಡ್ ಲೀಕನ್ನು, ಚೇಂಬರಿನ ಡಿಟೆಕ್ಟರಿನಿಂದ ದೂರದ ತುದಿಗೆ ಜೋಡಿಸಿ ತೆರೆದೆ. ಡಿಟೆಕ್ಟರ್ ಸರಿಯಾದ ಸಂಖ್ಯೆ ತೋರಿಸಿತು. ಕಣ್ಣು ಕಾಣುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಹಾಗೆ. ಆಮೇಲೆ ಒಂದನೇ ಟ್ಯೂಬಿಗೆ ಹೀಲಿಯಂ. ಏನೂ ಇಲ್ಲ. ಎರಡು, ಮೂರು, ಏನೂ ಇಲ್ಲ. ನಾಲ್ಕನೆಯದಕ್ಕೆ ಬಿಟ್ಟ ಮೂರು ಸೆಕೆಂಡಿಗೆ ಸಂಖ್ಯೆ ಜಿಗಿಯಿತು. ಮೈನಸ್ ಹತ್ತರಿಂದ ಮೈನಸ್ ಆರಕ್ಕೆ, ಅಂದರೆ ಸಾವಿರಾರು ಪಟ್ಟು. ವೆಲ್ಡರ್ ಅಣ್ಣ "ಅಯ್ಯೋ ಶಿವನೇ" ಅಂದರು.

ಆ ಮೂರು ಸೆಕೆಂಡು ಮುಖ್ಯ. ರಬ್ಬರಿನ ಓ-ರಿಂಗಿನ ಮೂಲಕವೂ ಹೀಲಿಯಂ ನುಸುಳುತ್ತದೆ. ಆದರೆ ಅದು ನಿಧಾನ, ನಿಮಿಷಗಟ್ಟಲೆ ಹಿಡಿದು ಮೆಲ್ಲಗೆ ಏರುತ್ತದೆ. ತೂತಾದರೆ ಹೀಗೆ ಏಟು ಹೊಡೆದ ಹಾಗೆ ಬರುತ್ತದೆ. ಆದರೂ ಅದು ಟ್ಯೂಬಿನದೇ ತೂತಾ, ಇಲ್ಲ ಚೇಂಬರಿನೊಳಗೆ ಹೀಲಿಯಂ ಪೈಪ್ ಜೋಡಿಸಿದ ಫಿಟ್ಟಿಂಗಿನದಾ? ಅದು ಇನ್ನೂ ಗೊತ್ತಿಲ್ಲ. ಉಳಿದ ಆರು ಟ್ಯೂಬು ಮುಗಿಸಿದೆವು, ಎಲ್ಲ ಸರಿ ಇದ್ದವು. ತಣಿಸಿ, ಚೇಂಬರ್ ತೆಗೆದು, ನಾಲ್ಕನೆಯದರ ಎರಡೂ ಕಡೆಯ ಲೋಹದ ಗ್ಯಾಸ್ಕೆಟ್ ಹೊಸದು ಹಾಕಿ, ಮತ್ತೆ ಪಂಪ್, ಮತ್ತೆ 150 ಡಿಗ್ರಿ. ಇದಕ್ಕೆ ಒಂದೂವರೆ ದಿನ. ಮತ್ತೆ ಅದೇ ಮೂರು ಸೆಕೆಂಡು, ಅದೇ ಮೈನಸ್ ಆರು. ಗ್ಯಾಸ್ಕೆಟ್ ಕಳ್ಳನಲ್ಲ.

ಈಗ ಜಾಗ ಹುಡುಕಬೇಕು. ಹಲಗೆಯನ್ನು ಆಚೆ ತಂದು ಟ್ಯೂಬಿನ ಒಳಗೆ ವ್ಯಾಕ್ಯೂಮ್ ಮಾಡಿ ಡಿಟೆಕ್ಟರಿಗೆ ಜೋಡಿಸಿದೆ. ಹೊರಗಿನಿಂದ ಸೂಜಿ ಮೂತಿಯ ನಳಿಕೆಯಲ್ಲಿ ಹೀಲಿಯಂ ಸ್ಪ್ರೇ. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ, ಕೆಳಗಿನಿಂದ ಶುರು ಮಾಡುತ್ತಾರೆ. ಹೀಲಿಯಂ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಕೆಳಗೆ ಬಿಟ್ಟದ್ದು ಮೇಲಿನ ತೂತಿಗೆ ಹೋಗಿ ನಮ್ಮನ್ನು ಏಮಾರಿಸುತ್ತದೆ. ಅದಕ್ಕೇ ಮೇಲಿನಿಂದ ಕೆಳಗೆ ಬರಬೇಕು, ಫ್ಯಾನ್ ಆರಿಸಿ, ಉಸಿರು ಬಿಗಿ ಹಿಡಿದು, ಒಂದು ಜಾಗಕ್ಕೆ ಅರ್ಧ ನಿಮಿಷ. ಮೇಲಿನ ಜಾಯಿಂಟ್ ಚೆನ್ನಾಗಿತ್ತು. ಟ್ಯೂಬಿನ ಉದ್ದಕ್ಕೂ ಏನೂ ಇಲ್ಲ. ಕೆಳಗಿನ ಜಾಯಿಂಟಿಗೆ ಬಂದೆ. ತಾಮ್ರಕ್ಕೂ ಸ್ಟೀಲಿಗೂ ನೇರ ಹೊಂದುವುದಿಲ್ಲ ಅಂತ ನಡುವೆ ನಿಕಲ್ಲಿನ ಒಂದು ತುಂಡು ಇಟ್ಟು ಎಲೆಕ್ಟ್ರಾನ್ ಬೀಮಿನಲ್ಲಿ ಬೆಸೆದ ಜಾಗ ಅದು. ಆ ವೆಲ್ಡಿಂಗ್ ಬೇರೆ ಕಡೆ ಮಾಡಿಸಿದ್ದು. ಸುತ್ತ ತಿರುಗಿಸುತ್ತಾ ಹಿಂಬದಿಗೆ ಬಂದಾಗ ಮೈನಸ್ ಎಂಟರಲ್ಲಿ 2. ನಳಿಕೆ ತೆಗೆದೆ, ಇಳಿಯಿತು. ಮತ್ತೆ ಹಿಡಿದೆ, ಏರಿತು. ಹತ್ತು ಸಲ ಹೀಗೆ ಮಾಡಿದೆ. ಮಿತಿಗಿಂತ ಇಪ್ಪತ್ತು ಪಟ್ಟು. ಚೀಲ ಹೊದಿಸಿದ ದಿನ ಇದೇ ಜಾಗ ಹೀಲಿಯಮ್ಮಿನಲ್ಲಿ ಮುಳುಗಿತ್ತು, ತುಟಿ ಬಿಚ್ಚಿರಲಿಲ್ಲ.

ಕಣ್ಣಿಗೆ ಏನೂ ಕಾಣುವುದಿಲ್ಲ. ಭೂತಗನ್ನಡಿಯಲ್ಲೂ ಇಲ್ಲ. ಎಕ್ಸ್-ರೇ ಫಿಲ್ಮನ್ನು ಮತ್ತೆ ತೆಗೆದು ನೋಡಿದೆವು, ಅದರಲ್ಲೂ ಚೊಕ್ಕವಾಗಿತ್ತು. ವೆಲ್ಡರ್ ಅಣ್ಣ ಡೈ ಹಚ್ಚಿ ನೋಡೋಣ ಅಂತ ಕೆಂಪು ಸ್ಪ್ರೇ ಡಬ್ಬಿ ಹಿಡಿದು ಬಂದೇ ಬಿಟ್ಟರು. ಮೇಡಮ್ಮೂ ನಾನೂ ಒಟ್ಟಿಗೆ "ಬೇಡ!" ಅಂತ ಕೂಗಿದೆವು. ಆ ಡೈಯೂ ದ್ರವವೇ. ತೂತಿಗೆ ಹೊಕ್ಕರೆ ನೀರು ಮಾಡಿದ್ದನ್ನೇ ಮಾಡುತ್ತದೆ, ಅದಕ್ಕಿಂತ ಗಟ್ಟಿಯಾಗಿ. ಅಣ್ಣ ಡಬ್ಬಿ ಕೆಳಗಿಟ್ಟು, "ಇದೇನ್ರೀ, ನೋಡೋದಕ್ಕೂ ಮಡಿ" ಅಂದರು. ಮೇಡಂ ಮೊದಲ ಸಲ ನಕ್ಕರು.

ಅದರ ಮೇಲೆಯೇ ಇನ್ನೊಂದು ಪಾಸ್ ವೆಲ್ಡಿಂಗ್ ಎಳೆದರೆ ಮುಚ್ಚುತ್ತದೆ ಅಂತ ಮಾಲೀಕರ ವಾದ. ಮುಚ್ಚಬಹುದು. ಆದರೆ ಬೀಮು ಹಚ್ಚಿದಾಗ ಕಾಯ್ದು, ಆರಿಸಿದಾಗ ತಣಿದು, ಸಾವಿರ ಸಲ ಹೀಗಾಗುವ ಜಾಗದಲ್ಲಿ ತೇಪೆ ನಿಲ್ಲುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ತುದಿ ಕತ್ತರಿಸಿ ಹೊಸ ತುಂಡು ಹಾಕಬೇಕು ಅಂತ ತೀರ್ಮಾನವಾಯಿತು. ಅದಕ್ಕೆ ಮೂರು ವಾರ ಹಿಡಿಯಿತು. ಖರ್ಚು ಯಾರ ಮೇಲೆ ಅನ್ನುವ ಜಗಳದ ಕಥೆ ಇಲ್ಲಿ ಬೇಡ.

ಈ ಸಲ ಕ್ರಮ ನಾನೇ ಬರೆದು ಗೋಡೆಗೆ ಅಂಟಿಸಿದೆ. ನೀರು ಮುಟ್ಟುವ ಮೊದಲು ಹೀಲಿಯಂ. ಆಮೇಲೆ ನೀರು. ಆಮೇಲೆ ಕಾಯಿಸಿ ಒಣಗಿಸುವುದು. ಆಮೇಲೆ ಮತ್ತೆ ಹೀಲಿಯಂ. ಮೇಡಂ ಮತ್ತೆ ಬಂದರು, ಧಾರವಾಡದಿಂದ ಒಂದು ಡಬ್ಬಿ ಪೇಡೆ ತಂದಿದ್ದರು. ಟೆಸ್ಟ್ ಮುಗಿಯುವವರೆಗೆ ಡಬ್ಬಿ ತೆಗೆಯಲಿಲ್ಲ. ಗ್ಲೌಸಿಗೆ ತುಪ್ಪದ ಜಿಡ್ಡು ಹತ್ತುತ್ತದೆ ಅಂತ. ಅಂಥವರು.

ನಾನು ಪೇಪರಿನಲ್ಲಿ ಹತ್ತು ಸಾಲು ಬರೆದೆ, ಟ್ಯೂಬಿಗೊಂದು. ನಾಲ್ಕನೇ ಸಾಲಿನ ಹೊತ್ತಿಗೆ ಹೆಲ್ಪರ್ ಹುಡುಗ, ಅಣ್ಣ, ಮಾಲೀಕರು ಎಲ್ಲ ಬಂದು ಹಿಂದೆ ನಿಂತಿದ್ದರು. ಹೀಲಿಯಂ ವಾಲ್ವ್ ತೆರೆದೆ. ಮೂರು ಸೆಕೆಂಡು ಕಳೆಯಿತು. ಅರ್ಧ ನಿಮಿಷ ಕಳೆಯಿತು. ಸಂಖ್ಯೆ ಮೈನಸ್ ಹತ್ತರಲ್ಲೇ 3, ಒಮ್ಮೆ 4, ಮತ್ತೆ 3. ಅರ್ಧ ಗಂಟೆ ಹಾಗೇ ಬಿಟ್ಟೆ. ಕೊನೆಗೆ ಮತ್ತೊಮ್ಮೆ ಕ್ಯಾಲಿಬ್ರೇಟೆಡ್ ಲೀಕ್ ತೆರೆದು ಡಿಟೆಕ್ಟರ್ ಎಚ್ಚರವಾಗಿದೆಯಾ ಅಂತ ನೋಡಿದೆ. ಎಚ್ಚರವಾಗಿತ್ತು.

ರಿಪೋರ್ಟಿನಲ್ಲಿ 'ಸೋರಿಕೆ ಇಲ್ಲ' ಅಂತ ಬರೆದೆ. ಮೇಡಂ ಅದನ್ನು ಹೊಡೆದು ಹಾಕಿ, 'ಮಿತಿಗಿಂತ ಕಡಿಮೆ' ಅಂತ ತಿದ್ದಿ, ಪಕ್ಕದಲ್ಲಿ ಸಂಖ್ಯೆ ಬರೆಸಿದರು. ಆಮೇಲೆ ಪೇಡೆ ಡಬ್ಬಿ ತೆಗೆದರು.

ಪ್ಯಾಕಿಂಗ್ ಮಾಡುವಾಗ ಟ್ಯೂಬುಗಳಿಗೆ ಒಣ ನೈಟ್ರೋಜನ್ ತುಂಬಿ ಮುಚ್ಚಳ ಬಿಗಿದೆವು, ದಾರಿಯಲ್ಲಿ ತೇವ ಹೋಗದ ಹಾಗೆ. ಮರದ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಗೇಜು ಹೊರಗೆ ಕಾಣುವ ಹಾಗೆ ಕೂರಿಸಿದೆವು. ಒತ್ತಡ 1.2 ಬಾರ್. ಲಾರಿ ಡ್ರೈವರ್ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಹೆಲ್ಪರ್ ಹುಡುಗ ಕುಂಕುಮದ ಬಟ್ಟಲು ಹಿಡಿದು ನನ್ನ ಮುಖ ನೋಡಿದ.

"ಪೆಟ್ಟಿಗೆಗೆ ಹಚ್ಚಪ್ಪಾ, ಈಗ ಪರವಾಗಿಲ್ಲ" ಅಂದೆ. ಮೂರು ಬೊಟ್ಟು ಇಟ್ಟ.

ಡ್ರೈವರ್ ಊಟ ಮಾಡಿ ಹೊರಡುತ್ತೇನೆ ಅಂದ. ನಾನೂ ಎದುರಿನ ಹೋಟೆಲಿನಲ್ಲಿ ಅನ್ನ ಸಾರು ಮುಗಿಸಿ ಬಂದು, ಲಾರಿ ಹತ್ತಿ, ಗೇಜನ್ನು ಇನ್ನೊಂದು ಸಲ ನೋಡಿದೆ. 1.2. ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದೆ, ಮುಳ್ಳು ಸಿಕ್ಕಿಕೊಂಡಿರಬಹುದು ಅಂತ.